ಮುಯ್ಯಿಗೆ ಮುಯ್ಯಿ, ಲಿಂಕಿಗೆ ಲಿಂಕು

2009ರಲ್ಲಿ ಒಂದು ಬೆಳಿಗ್ಗೆ ನನ್ನ ಹೆಂಡತಿಯ ತಮ್ಮ ಜಗತ್ತಿನ ಎಲ್ಲ ವೆಬ್‌ಸೈಟ್‌ಗಳ ಪಟ್ಟಿ ಮಾಡುತ್ತೇನೆ ಎಂದ. ನಾವು ಗಾಬರಿಯಾದೆವು. ಅಲ್ಲಿಯವರೆಗೆ ಅವನು ಮಾಡಿದ್ದ ಒಂದೇ ಪಟ್ಟಿ ದಿನಸಿಯದು. ಅದರಲ್ಲೂ ಉಪ್ಪು ಬಿಟ್ಟುಹೋಗಿತ್ತು.

"ಭಾವ, ನಾವು ಏನೂ ಬರೆಯೋದು ಬೇಡ. ಲಿಂಕ್ ಡೈರೆಕ್ಟರಿ ಅಂತ ಒಂದು ಸೈಟ್ ಮಾಡಿಟ್ಟರೆ ಸಾಕು. ಅವರೇ ಬರ್ತಾರೆ, ಅವರೇ ಹೆಸರು ತುಂಬ್ತಾರೆ, ಅವರೇ ದುಡ್ಡು ಕೊಡ್ತಾರೆ."

"ಸರಿ, ಅದನ್ನ ನೋಡೋಕೆ ಯಾರು ಬರ್ತಾರೆ?"

"ಟ್ರಾಫಿಕ್ ತಾನಾಗೇ ಬರುತ್ತೆ ಭಾವ."

ರಾಜಾಜಿನಗರದಲ್ಲಿ ರೂಮು ಮಾಡಿಕೊಂಡಿದ್ದವನು. ಟ್ರಾಫಿಕ್ ತಾನಾಗೇ ಬರುತ್ತೆ ಅಂತ ಅವನಿಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ.

ಆಸೆಗೂ ಒಂದು ಆಧಾರ ಇತ್ತು ಅನ್ನಿ. 1994ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ ತಮಗೆ ಇಷ್ಟವಾದ ಸೈಟ್‌ಗಳ ಪಟ್ಟಿ ಮಾಡುತ್ತಾ ಕೂತರು. ಅದು ಬೆಳೆದು ಯಾಹೂ ಆಯಿತು. ಆಮೇಲೆ ಅದೇ ಯಾಹೂ ಡೈರೆಕ್ಟರಿಯಲ್ಲಿ ವ್ಯಾಪಾರದ ಸೈಟಿನ ಹೆಸರು ಸೇರಿಸಲು ವರ್ಷಕ್ಕೆ 299 ಡಾಲರ್. ಆಗಿನ ಲೆಕ್ಕದಲ್ಲಿ 14,000 ರೂಪಾಯಿ ಆಸುಪಾಸು. ಅರ್ಜಿ ತಿರಸ್ಕಾರವಾದರೂ ದುಡ್ಡು ವಾಪಸ್ ಇಲ್ಲ. ಈ ಕೊನೆಯ ಮಾತು ಕೇಳಿದ ಮೇಲೆ ನಮ್ಮ ಹುಡುಗನಿಗೆ ಮೂರು ರಾತ್ರಿ ನಿದ್ದೆ ಬರಲಿಲ್ಲ.

ಓದುವವರೇ ಇಲ್ಲದ ಪಟ್ಟಿಯಲ್ಲಿ ಹೆಸರು ಹಾಕಿಸಿಕೊಳ್ಳಲು ಜನ ಯಾಕೆ ದುಡ್ಡು ಕೊಡಬೇಕು? ಅದಕ್ಕೆ ಮುಯ್ಯಿ ಗೊತ್ತಿರಬೇಕು. ಛತ್ರದ ಬಾಗಿಲಲ್ಲಿ ಒಬ್ಬ ನೋಟ್‌ಬುಕ್ ಹಿಡಿದು ಕೂತು, ಯಾರು ಎಷ್ಟು ಹಾಕಿದರು ಅಂತ ಬರೆಯುತ್ತಾನಲ್ಲ, ಅದೇ. ಯಾರ ಮನೆಗೆ ಜಾಸ್ತಿ ಮುಯ್ಯಿ ಬಂತೋ ಅವರು ದೊಡ್ಡ ಕುಳ. ಅದರಲ್ಲೂ ದೊಡ್ಡ ಕುಳದವರೇ ಬಂದು ಹಾಕಿದರೆ ಇನ್ನೂ ದೊಡ್ಡ ಕುಳ. ಗೂಗಲ್‌ನ ಪೇಜ್‌ರ‍್ಯಾಂಕ್ ಶುರುವಾಗಿದ್ದು ಹೆಚ್ಚುಕಡಿಮೆ ಇದೇ ಲೆಕ್ಕದ ಮೇಲೆ. ನಿಮ್ಮ ಸೈಟಿಗೆ ಎಷ್ಟು ಸೈಟ್‌ಗಳು ಲಿಂಕ್ ಕೊಟ್ಟಿವೆ, ಕೊಟ್ಟವರ ಯೋಗ್ಯತೆ ಎಷ್ಟು, ಅದರ ಮೇಲೆ ನಿಮ್ಮ ಯೋಗ್ಯತೆ. ಯೋಗ್ಯತೆ ಜಾಸ್ತಿ ಇದ್ದರೆ ಗೂಗಲ್ ಹುಡುಕಾಟದಲ್ಲಿ ಮೇಲಿನ ಜಾಗ. ಗೂಗಲ್ ಟೂಲ್‌ಬಾರ್‌ನಲ್ಲಿ ಅದಕ್ಕೊಂದು ಹಸಿರು ಪಟ್ಟಿ ಇತ್ತು. ಸೊನ್ನೆಯಿಂದ ಹತ್ತರವರೆಗೆ ಅಂಕ. ಸಿಇಟಿ ರ‍್ಯಾಂಕಿಗೆ ಬಡಿದಾಡುವ ಊರಿನಲ್ಲಿ ಇನ್ನೊಂದು ರ‍್ಯಾಂಕ್ ಬಿಟ್ಟರೆ ಏನಾಗುತ್ತೆ ಹೇಳಿ.

ಮುಯ್ಯಿ ಪುಸ್ತಕ ಇದೆ ಅಂತ ಗೊತ್ತಾದ ಮೇಲೆ ಮದುವೆ ಯಾರಿಗೆ ಬೇಕು? ಪುಸ್ತಕ ಹಿಡಿದು ಬಾಗಿಲಲ್ಲಿ ಕೂತರೆ ಆಯಿತು. ಗಂಡಿಲ್ಲ, ಹೆಣ್ಣಿಲ್ಲ, ಓಲಗ ಇಲ್ಲ. ಬಂದವರೆಲ್ಲ ಹೆಸರು ಬರೆಸಿ, ಪಕ್ಕದ ಛತ್ರಕ್ಕೆ ಓಡುವವರು. ಅಲ್ಲೂ ಮದುವೆ ಇಲ್ಲ. "ನಾನು ನಿಮ್ಮ ಲಿಂಕ್ ಹಾಕಿದ್ದೇನೆ, 48 ಗಂಟೆಯೊಳಗೆ ನೀವು ನನ್ನದು ಹಾಕದಿದ್ದರೆ ಕಿತ್ತು ಹಾಕುತ್ತೇನೆ" ಅಂತ ಅವನಿಗೆ ದಿನಾ ಇಮೇಲ್ ಬರುತ್ತಿದ್ದವು. ನಮ್ಮ ಕಡೆ ಎಂಥಾ ಜಿಪುಣ ನೆಂಟನೂ ಮುಯ್ಯಿಗೆ ಗಡುವು ಕೊಟ್ಟಿದ್ದು ನಾನು ಕಂಡಿಲ್ಲ.

ಡೈರೆಕ್ಟರಿಗಳಿಗೆ ನಿಮ್ಮ ಸೈಟಿನ ಹೆಸರು ಕೊಡಿ ಅಂತ ತನ್ನ ಸೂಚನೆಗಳಲ್ಲಿ ಬರೆದಿದ್ದ ಸಾಲನ್ನು ಗೂಗಲ್ 2008ರಲ್ಲೇ ತೆಗೆದುಹಾಕಿತ್ತು. ನಮ್ಮವನು 2009ರಲ್ಲಿ ಗಣಪತಿ ಪೂಜೆ ಮಾಡಿ ಅಂಗಡಿ ತೆರೆದ.

ಸೈಟಿನ ಹಣೆಯ ಮೇಲೆ ದಪ್ಪಕ್ಷರದಲ್ಲಿ 'ಹ್ಯೂಮನ್ ಎಡಿಟೆಡ್' ಅಂತ ಬರೆದಿತ್ತು. ಪ್ರತಿ ಹೆಸರನ್ನೂ ಮನುಷ್ಯರೇ ನೋಡಿ ಆರಿಸಿದ್ದು ಅಂತ ಅರ್ಥ. ಆ ಆರಿಸುವಿಕೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಡಗೈಯಲ್ಲಿ ಉಪ್ಪಿಟ್ಟಿನ ತಟ್ಟೆ. ಬಾಯಲ್ಲಿ ಸ್ಪೂನ್. ಬಲಗೈ ಮೌಸ್ ಮೇಲೆ. 'ಎಲ್ಲವನ್ನೂ ಆಯ್ಕೆ ಮಾಡಿ', ಟಕ್. 'ಒಪ್ಪಿಗೆ', ಟಕ್. ನೂರಾ ನಲವತ್ತು ಸೈಟ್‌ಗಳ ಪರಿಶೀಲನೆ ಮುಗಿಯುವಾಗ ಉಪ್ಪಿಟ್ಟು ಇನ್ನೂ ಬಿಸಿ ಇತ್ತು. ಒತ್ತಿದ್ದು ಮನುಷ್ಯನೇ, ಅದರಲ್ಲಿ ಮೋಸ ಇಲ್ಲ.

ಬಂದವರು ಯಾರು ಅಂತೀರಿ? ಪ್ಯಾಕರ್ಸ್ ಅಂಡ್ ಮೂವರ್ಸ್. ಮೂಲವ್ಯಾಧಿ ವಾಸಿ ಮಾಡುವವರು. ಕೂದಲು ಬೆಳೆಸುವವರು, ಕೂದಲು ತೆಗೆಯುವವರು. ಎಲ್ಲರೂ ನಂಬರ್ ಒನ್. ಅವರ ಮಧ್ಯೆ ಅಮೆರಿಕದ ಫ್ಲೋರಿಡಾದ ಒಬ್ಬ ಹಲ್ಲಿನ ಡಾಕ್ಟರು. ನನಗೆ ಅಯ್ಯೋ ಅನಿಸಿತು. ಅಷ್ಟು ದೂರದ ಡಾಕ್ಟರಿಗೆ ಹಾಲಿನ ಬೂತಿನ ಮೇಲಿರುವ ಈ ರೂಮಿನ ಶಿಫಾರಸು ಯಾಕೆ ಬೇಕಾಯಿತು?

ಉತ್ತರ ಸಿಕ್ಕಿದ್ದು ದರ್ಶಿನಿಯಲ್ಲಿ. ಬೈಟು ಕಾಫಿ ಕುಡಿಯುತ್ತಾ ನಿಂತಿದ್ದಾಗ ಪಕ್ಕದ ಹುಡುಗ ಏನು ಕೆಲಸ ಅಂತ ವಿಚಾರಿಸಿದ. ಭಾವಮೈದ ಡೈರೆಕ್ಟರಿಯ ಹೆಸರು ಹೇಳಿದ. ಹುಡುಗನ ಮುಖ ಅರಳಿತು. "ಸಾರ್, ನಿಮ್ಮದೇನಾ? ದಿನಾ ನಿಮ್ಮ ಫಾರಂ ತುಂಬೋದು ನಾನೇ ಸಾರ್! ಆ ಹಲ್ಲಿನ ಡಾಕ್ಟ್ರು ನಮ್ಮ ಕ್ಲೈಂಟು!" ಅವನ ಆಫೀಸು ವಿಜಯನಗರದಲ್ಲಿ. ಎಂಟು ಜನ ಸಾಲಾಗಿ ಕೂತು, ಒಬ್ಬೊಬ್ಬರು ದಿನಕ್ಕೆ ಇಷ್ಟು ಡೈರೆಕ್ಟರಿ ಅಂತ ತುಂಬುತ್ತಾರೆ. ಒಂದೇ ವಾಕ್ಯ, ಕಾಪಿ, ಪೇಸ್ಟ್. ತಾನು ಮನುಷ್ಯ ಅಂತ ಸಾಬೀತು ಮಾಡಲು ಆ ಸೊಟ್ಟಂಬಟ್ಟ ಅಕ್ಷರಗಳನ್ನು ಮಾತ್ರ ಕಣ್ಣು ಕಿರಿದು ಮಾಡಿ ಕೈಯಾರೆ ಟೈಪ್ ಮಾಡಬೇಕು. "ನಿಮ್ಮ ಕ್ಯಾಪ್ಚಾ ಸ್ವಲ್ಪ ಸುಲಭ ಮಾಡಿ ಸಾರ್, ಕಣ್ಣು ಉರಿಯುತ್ತೆ" ಎಂದ. ಪಾಪ.

ನೋಡಿ, ಡಾಕ್ಟರ ಡಾಲರ್ ಫ್ಲೋರಿಡಾದಿಂದ ವಿಜಯನಗರಕ್ಕೆ ಬಂತು. ಹೆಸರು ವಿಜಯನಗರದಿಂದ ರಾಜಾಜಿನಗರಕ್ಕೆ ಬಂತು. ಅಲ್ಲಿಂದ ಮತ್ತೆ ಅಮೆರಿಕದಲ್ಲಿದ್ದ ಸರ್ವರ್‌ಗೆ ಹೋಗಿ ಕೂತಿತು. ಇಷ್ಟೆಲ್ಲ ಪ್ರಯಾಣದಲ್ಲಿ ಹಲ್ಲು ನೋವಿರುವ ಒಬ್ಬ ಮನುಷ್ಯನೂ ಸಿಗಲಿಲ್ಲ. ಆ ದಿನದ ಕಾಫಿಯ ದುಡ್ಡನ್ನು ಹುಡುಗನೇ ಕೊಟ್ಟ. ಡೈರೆಕ್ಟರಿಯಿಂದ ನಾನು ಕಣ್ಣಾರೆ ಕಂಡ ನಗದು ಆದಾಯ ಅದೊಂದೇ.

ಇನ್ನು ಜಾಹೀರಾತಿನ ಆದಾಯ. ಸೈಟಿನಲ್ಲಿ ಹಾಕಿದ ಜಾಹೀರಾತನ್ನು ಯಾರಾದರೂ ಒತ್ತಿದರೆ ಅವನಿಗೆ ಒಂದಿಷ್ಟು ಕಾಸು. ಲೆಕ್ಕದಲ್ಲಿ ಹತ್ತು ಡಾಲರ್ ಆದಾಗ ಜಾಹೀರಾತು ಕಂಪನಿಯವರು ಅಂಚೆಯಲ್ಲಿ ಒಂದು ಗುಪ್ತ ಸಂಖ್ಯೆ ಕಳಿಸಿದರು. ಅವನ ರೂಮಿನ ಮೆಟ್ಟಿಲನ್ನು ಪೋಸ್ಟ್‌ಮ್ಯಾನ್ ಹತ್ತುವುದಿಲ್ಲ ಅಂತ ವಿಳಾಸ ನಮ್ಮ ಮನೆಯದು. ನನ್ನ ಹೆಂಡತಿ ಆ ಕವರ್‌ಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮನೆಯಲ್ಲಿ ಲಕ್ಷ್ಮಿ ಫೋಟೋ ಹಿಂದೆ ಇಟ್ಟಳು. ನೂರು ಡಾಲರ್ ಆದರೆ ಕೈಗೆ ದುಡ್ಡು. ತಡ ಯಾಕೆ ಅಂತ ಅವನು ಬಂಧು ಬಳಗಕ್ಕೆಲ್ಲ ಫೋನ್ ಮಾಡಿದ. ತುಮಕೂರಿನ ಚಿಕ್ಕಮ್ಮ ಸಂಜೆ ದೀಪ ಹಚ್ಚಿದ ಮೇಲೆ ಐದು ಸಲ ಒತ್ತುತ್ತಿದ್ದರು. ಹಾಸನದ ದೊಡ್ಡಪ್ಪ ಹೊಗೆಸೊಪ್ಪಿನಷ್ಟೇ ನಿಷ್ಠೆಯಿಂದ ದಿನಕ್ಕೆ ಎರಡು ಸಲ. 87 ಡಾಲರ್ ಆದಾಗ ಕಂಪನಿಯವರು ಖಾತೆ ಮುಚ್ಚಿದರು. ಕ್ಲಿಕ್ಕುಗಳು ಅಸಹಜವಾಗಿವೆಯಂತೆ. ಸೈಟಿಗೆ ಬಂದ ನಿಜವಾದ ಮನುಷ್ಯರು ಅಂದರೆ ನಮ್ಮ ನೆಂಟರು ಮಾತ್ರ. ಅವರನ್ನೇ ಅಸಹಜ ಅಂದುಬಿಟ್ಟರು.

ಆದರೆ ಅವನ ಸುವರ್ಣಯುಗ ಬಂದಿದ್ದು ಆಮೇಲೆ. 2012ರ ಏಪ್ರಿಲ್ 24ರಂದು ಗೂಗಲ್ 'ಪೆಂಗ್ವಿನ್' ಅನ್ನುವ ಬದಲಾವಣೆ ತಂದಿತು. ಬಾಡಿಗೆಗೆ ತಂದ ಲಿಂಕುಗಳು ಜಾಸ್ತಿ ಇದ್ದ ಸೈಟ್‌ಗಳು ಹುಡುಕಾಟದ ಪುಟಗಳಲ್ಲಿ ಪಾತಾಳಕ್ಕೆ ಬಿದ್ದವು. ನಿನ್ನೆ ತನಕ "ನಮ್ಮ ಹೆಸರು ಹಾಕಿ ಸಾರ್" ಅಂತ ಕಾಲು ಹಿಡಿದವರು ಈಗ "ನಮ್ಮ ಹೆಸರು ತೆಗೀರಿ ಸಾರ್" ಅಂತ ಕಾಲು ಹಿಡಿದರು. ಮೊದಲ ಪತ್ರ ಫ್ಲೋರಿಡಾದ ಡಾಕ್ಟರದ್ದು. ಬರೆದವನು ಅದೇ ವಿಜಯನಗರದ ಹುಡುಗ. ಹೆಸರು ಹಾಕಿಸುವ ವಿಭಾಗದಿಂದ ಹೆಸರು ತೆಗೆಸುವ ವಿಭಾಗಕ್ಕೆ ಅವನಿಗೆ ಬಡ್ತಿ ಸಿಕ್ಕಿತ್ತು.

ಭಾವಮೈದ ಒಂದು ರಾತ್ರಿ ಯೋಚಿಸಿದ. ಬೆಳಿಗ್ಗೆ ಸೈಟಿನಲ್ಲಿ ಹೊಸ ದರಪಟ್ಟಿ ಹಾಕಿದ. ಹೆಸರು ಸೇರಿಸಲು ಐದು ಡಾಲರ್, ತೆಗೆಯಲು ಹತ್ತು.

"ಇದು ಅನ್ಯಾಯ ಅಲ್ವೇನೋ?" ಎಂದೆ.

"ಭಾವ, ತೆಗೆಯೋವಾಗ ಒಂದೊಂದನ್ನೇ ಹುಡುಕಬೇಕು. ಇದು ನಿಜವಾಗ್ಲೂ ಹ್ಯೂಮನ್ ಎಡಿಟೆಡ್."

ಅದೇ ಅಕ್ಟೋಬರ್‌ನಲ್ಲಿ ಗೂಗಲ್ ಈ ಆಟಕ್ಕೂ ಕಲ್ಲು ಹಾಕಿತು. 'ಆ ಲಿಂಕಿಗೂ ನನಗೂ ಸಂಬಂಧ ಇಲ್ಲ' ಅಂತ ಸೈಟಿನವರು ತಮ್ಮ ಪಾಡಿಗೆ ಬರೆದುಕೊಡುವ ಸೌಲಭ್ಯ ಬಂತು. ಪೇಪರಿನಲ್ಲಿ ಅಪ್ಪ ಮಗನ ಮೇಲೆ ಹಾಕಿಸುತ್ತಾನಲ್ಲ ಸಾರ್ವಜನಿಕ ಪ್ರಕಟಣೆ, ಆ ಥರ. ಯಾಹೂ ಡೈರೆಕ್ಟರಿ 2014ರ ಕೊನೆಗೆ ಬಾಗಿಲು ಹಾಕಿತು. ಸ್ವಯಂಸೇವಕರು ನಡೆಸುತ್ತಿದ್ದ ಡಿಮೋಜ್ ಡೈರೆಕ್ಟರಿ 2017ರ ಮಾರ್ಚ್‌ವರೆಗೆ ಉಸಿರು ಹಿಡಿದುಕೊಂಡಿತ್ತು. ನಮ್ಮವನದು ಯಾವಾಗ ನಿಂತಿತೋ ಅವನಿಗೇ ಗೊತ್ತಿಲ್ಲ. ನಿಂತಿದ್ದನ್ನು ಹೇಳಲು ಯಾರೂ ಫೋನ್ ಮಾಡಲಿಲ್ಲ.

ಹೋದ ವಾರ ಅವನೇ ಫೋನ್ ಮಾಡಿದ್ದ. ಈಗ ಎಐ ಟೂಲ್‌ಗಳ ಡೈರೆಕ್ಟರಿಯಂತೆ. "ಭಾವ, ಈ ಸಲ ಉಪ್ಪಿಟ್ಟು ತಿನ್ನೋವಾಗ ಮೌಸ್ ಮುಟ್ಟೋದೂ ಬೇಡ. ವಿವರ ಎಐ ಬರೆಯುತ್ತೆ, ಒಪ್ಪಿಗೆನೂ ಎಐ ಕೊಡುತ್ತೆ."

"ನೋಡೋಕೆ ಯಾರು ಬರ್ತಾರೆ?"

"ಅದೂ ಎಐನೇ ಭಾವ. ದಿನಕ್ಕೆ ಸಾವಿರಗಟ್ಟಲೆ ಬರ್ತಿವೆ."

ವರಮಹಾಲಕ್ಷ್ಮಿ ಹಬ್ಬಕ್ಕೆ ದೇವರ ಮನೆ ತೊಳೆಯುವಾಗ ಆ ಹಳೆಯ ಕವರ್ ಸಿಕ್ಕಿತು. ಕುಂಕುಮ ಮೆತ್ತಿ ಮೆತ್ತಿ ಸಂಖ್ಯೆ ಕಾಣುತ್ತಲೇ ಇರಲಿಲ್ಲ. ಎಸೆಯಲಾ ಅಂತ ನನ್ನ ಹೆಂಡತಿ ತಮ್ಮನನ್ನು ಕೇಳಿದಳು.

"ಬೇಡ ಅಕ್ಕ, ಅಲ್ಲೇ ಇಟ್ಟಿರು. ಹೊಸ ಸೈಟಿಗೆ ಬೇಕಾಗಬಹುದು."

ಅವಳು ಒರೆಸಿ, ಹೊಸದಾಗಿ ಕುಂಕುಮ ಇಟ್ಟಳು.