33 ಮಿಲಿಮೀಟರ್ ಗ್ಯಾಪು ಮತ್ತು ಅಗ್ರಹಾರದ ರೇಡಿಯಂ ಅಣ್ಣ

ಹೋದ ತಿಂಗಳು ನನ್ನ ಕಾರು ಎಂಒಟಿಲಿ, ಅಂದ್ರೆ ಇಲ್ಲಿ ಇಂಗ್ಲೆಂಡಲ್ಲಿ ವರ್ಷಕ್ಕೊಂದ್ಸಲ ಗಾಡಿಗೆ ಮಾಡಿಸೋ ಟೆಸ್ಟಲ್ಲಿ, ಫೇಲ್ ಆಯ್ತು. ಬ್ರೇಕು ಪಾಸು, ಟೈರು ಪಾಸು, ಹೊಗೆ ಪಾಸು, ಫೇಲ್ ಆಗಿದ್ದು ಮುಂದಿನ ನಂಬರ್ ಪ್ಲೇಟು. ಟೆಸ್ಟ್ ಮಾಡೋನು ಮೇಲುಡುಪಿನ ಜೇಬಿಂದ ಒಂದು ಸ್ಟೀಲ್ ಸ್ಕೇಲ್ ತೆಗೆದ, ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ, 55 ಅನ್ನೋ ಅಂಕಿಗೂ ಅದರ ಪಕ್ಕದ ಅಕ್ಷರಕ್ಕೂ ನಡುವೆ ಸ್ಕೇಲ್ ಇಟ್ಟ. "13 ಮಿಲಿಮೀಟರ್ ಇದೆ, 33 ಇರ್ಬೇಕು" ಅಂದ. ಕೋಪ ಇಲ್ಲ, ನಗು ಇಲ್ಲ, ಡಾಕ್ಟ್ರು ಬಿಪಿ ಹೇಳಿದ ಹಾಗೆ. ನಾನು ಪೆಚ್ಚುಪೆಚ್ಚಾಗಿ ನಕ್ಕೆ, ಅವನು ನಗ್ಲಿಲ್ಲ.

ಕಾರು ಯಾವುದು ಅಂದ್ರೆ ಸೆಕೆಂಡ್ ಹ್ಯಾಂಡ್ ಲೋಟಸ್ ಎಲೀಸ್. ಇಂಗ್ಲೆಂಡಿಗೆ ಬಂದು ಇಷ್ಟು ವರ್ಷ ದುಡಿದು ನಾನು ಮಾಡಿದ ಒಂದೇ ಒಂದು ದುಂದುವೆಚ್ಚ ಅದು, ನಮ್ಮಮ್ಮ ವಿಡಿಯೋ ಕಾಲಲ್ಲಿ ನೋಡಿ "ಇದೇನೋ ಇಷ್ಟು ಕುಳ್ಳಗಿದೆ, ನಾವೆಲ್ಲ ಎಲ್ಲಿ ಕೂರೋದು" ಅಂದಿದ್ರು. ನಂಬರಲ್ಲಿ 55 ಇದ್ರೆ 2005ರ ಸೆಪ್ಟೆಂಬರಿಂದ ಆರು ತಿಂಗಳ ಒಳಗೆ ರಿಜಿಸ್ಟರ್ ಆದ ಗಾಡಿ ಅಂತ ಅರ್ಥ, ಅಂದ್ರೆ ನನ್ನ ಮಗಳಿಗಿಂತ ವಯಸ್ಸಲ್ಲಿ ದೊಡ್ಡದು. ಕಾರಿನ ಮೈಯೆಲ್ಲ ಫೈಬರ್, ಮುಂದಿನ ಭಾಗ ಪೂರ್ತಿ ಒಂದೇ ಪೀಸು, ಅದಕ್ಕೆ ಡ್ರಿಲ್ ಇಟ್ರೆ ಇವತ್ತಲ್ಲ ನಾಳೆ ತೂತಿನ ಸುತ್ತ ನಕ್ಷತ್ರದ ಥರ ಸಣ್ಣ ಬಿರುಕು ಬಿಡುತ್ತೆ. ಹೊಸದಾಗಿ ಪೇಂಟ್ ಮಾಡಿಸಿದಾಗ ಹಳೇ ತೂತುಗಳನ್ನ ಮುಚ್ಚಿಸಿದ್ದೆ, ಮತ್ತೆ ತೂತು ಹೊಡೆಯೋಕೆ ಕೈ ಬರಲಿಲ್ಲ. ಅದೂ ಅಲ್ದೆ ಆ ಉದ್ದದ ಪ್ಲಾಸ್ಟಿಕ್ ಪ್ಲೇಟು ಮುಂದುಗಡೆ ಬಾಯಿಗೆ ಅಡ್ಡ ಪಟ್ಟಿ ಕಟ್ಟಿದ ಹಾಗೆ ಕಾಣುತ್ತೆ. ಅದಕ್ಕೇ ಇಂಥ ಕಾರು ಇಟ್ಕೊಂಡಿರೋರು ಸುಮಾರು ಜನ ಅಂಟಿಸೋ ಪ್ಲೇಟಿಗೆ ಹೋಗ್ತಾರೆ. ಹಳೇ ಜಾಗ್ವಾರ್ ಇ-ಟೈಪ್ ನೋಡಿದೋರಿಗೆ ಗೊತ್ತಿರುತ್ತೆ, ಮೂತಿ ಮೇಲೇ ನಂಬರ್ ಅಂಟಿಸಿರ್ತಾರೆ.

ನಾನು ಮಾಡಿದ ತಪ್ಪು ಏನಪ್ಪ ಅಂದ್ರೆ ಆನ್‌ಲೈನಲ್ಲಿ 440 ಮಿಲಿಮೀಟರ್ ಅಗಲದ್ದು ತರಿಸಿದ್ದು. ಮಾಮೂಲಿ ಪ್ಲೇಟು 520, ಆದ್ರೆ ನನ್ನ ಕಾರಲ್ಲಿ ಸಪಾಟಾಗಿರೋ ಜಾಗಕ್ಕೆ 440 ಅಳತೆ ತೆಗೆದು ಹೊಲಿಸಿದ ಹಾಗೆ ಕೂರ್ತಿತ್ತು. ಮಾರಿದೋನು ನಡುವಿನ ಗ್ಯಾಪನ್ನ ಕುಗ್ಗಿಸಿಕೊಟ್ಟಿದ್ದ. ಎಂಒಟಿ ಫೇಲಾದ ಸಾಯಂಕಾಲ ಅಡುಗೆಮನೆ ಟೇಬಲ್ ಮೇಲೆ ಲೆಕ್ಕ ಹಾಕಿದೆ, ಒಂದೊಂದು ಅಕ್ಷರ 50 ಅಗಲ, ಏಳು ಅಕ್ಷರಕ್ಕೆ 350, ಅಕ್ಷರದ ನಡುವೆ 11ರ ಹಾಗೆ ಐದು ಗ್ಯಾಪು 55, ದೊಡ್ಡ ಗ್ಯಾಪು 33, ಎರಡು ಅಂಚಿಗೆ 22. ಒಟ್ಟು 460. ಅದಕ್ಕಿಂತ ಒಂದು ಮಿಲಿಮೀಟರ್ ಕಮ್ಮಿ ಆದ್ರೂ ಆಗಲ್ಲ. ಅಕ್ಷರದ ಎತ್ತರ 79, ಗೆರೆ ದಪ್ಪ 14, ಎಲ್ಲ 2001ರ ಕಾನೂನಲ್ಲಿ ಬರೆದಿಟ್ಟಿದಾರೆ. ತಪ್ಪಿದ್ರೆ ದಂಡ ಸಾವಿರ ಪೌಂಡ್ ತನಕ ಹೋಗಬಹುದು. ಸಾವಿರ ಪೌಂಡ್! ಆ ದುಡ್ಡಿಗೆ ಊರಲ್ಲಿ ಹೊಸ ಸ್ಕೂಟರೇ ಬರುತ್ತೆ.

ಸರಿ ಅಂತ ಈ ಸಲ ರಿಜಿಸ್ಟರ್ಡ್ ಅಂಗಡಿಗೇ ಹೋದೆ. ಕೌಂಟರಲ್ಲಿದ್ದ ಹುಡುಗಿ ಮೊದಲು ಲಾಗ್‌ಬುಕ್ (ನಮ್ಮ ಆರ್‌ಸಿ ಥರದ್ದು) ಕೊಡಿ ಅಂದ್ಲು, ಆಮೇಲೆ ಡ್ರೈವಿಂಗ್ ಲೈಸೆನ್ಸು. ನನ್ನ ಸ್ವಂತ ಕಾರಿನ ನಂಬರನ್ನ ಒಂದು ಹಾಳೆ ಮೇಲೆ ಹಾಕಿಸ್ಕೊಳ್ಳೋಕೆ ನಾನೇ ನಾನು ಅಂತ ಸಾಬೀತು ಮಾಡ್ಬೇಕು! ಪ್ಲೇಟಿನ ಕೆಳಗಡೆ ಅಂಗಡಿ ಹೆಸರು, ಪೋಸ್ಟ್‌ಕೋಡು, ಬಿಎಸ್ ಎಯು 145ಇ ಅನ್ನೋ ಸ್ಟ್ಯಾಂಡರ್ಡಿನ ಹೆಸರು, ಎಲ್ಲ ಇರ್ಬೇಕು. 2021ರ ಸೆಪ್ಟೆಂಬರಿಂದ ಹಾಕಿಸೋ ಪ್ಲೇಟಿಗೆಲ್ಲ ಅದೇ. ಅಕ್ಷರದ ಸ್ಟೈಲ್ ಬಗ್ಗೆ ಅವಳು ಏನೂ ಕೇಳ್ಲಿಲ್ಲ. ಕೇಳೋಕೆ ಏನೂ ಇಲ್ಲ, ಇಡೀ ದೇಶಕ್ಕೆ ಒಂದೇ ಸ್ಟೈಲು.

ಅಲ್ಲೇ ನನಗೆ ನಮ್ಮ ಮೈಸೂರಿನ ಅಗ್ರಹಾರದಲ್ಲಿ ಗಾಡಿಗಳಿಗೆ ನಂಬರ್ ಬರೆದುಕೊಡ್ತಿದ್ದ ರೇಡಿಯಂ ಅಣ್ಣ ನೆನಪಾಗಿದ್ದು.

2003ರಲ್ಲಿ ಅಪ್ಪ ಸ್ಪ್ಲೆಂಡರ್ ಕೊಡಿಸಿದಾಗ ಆರ್‌ಟಿಒ ಇಂದ ನಂಬರ್ ಬಂದ ದಿನವೇ ಓಡಿದ್ದೆ ಅವನ ಹತ್ರ. ಅಂಗಡಿ ಅಂದ್ರೆ ಅಂಗಡಿ ಅಲ್ಲ, ಒಂದು ಮರದ ಪೆಟ್ಟಿಗೆ, ಮೇಲೆ ನೀಲಿ ಟಾರ್ಪಾಲು, ಸುತ್ತ ನೇತಾಕಿದ ಅಣ್ಣಾವ್ರ ಸ್ಟಿಕರು, ಮಾದಪ್ಪನ ಸ್ಟಿಕರು, "ತಾಯಿಯ ಆಶೀರ್ವಾದ". "ಏನ್ ಮರಿ, ಯಾವ ಸ್ಟೈಲಲ್ಲಿ ಬರೀಲಿ" ಅಂತ ಕೇಳ್ದ. ಗಮನಿಸಿ, ಅವನು ಕತ್ತರಿಸಿ ಅಂಟಿಸ್ತಿದ್ದ, ಆದ್ರೂ ನಾವು ಹೇಳೋದು ನಂಬರ್ ಬರೆಸೋದು ಅಂತಲೇ. ಆಗ ಮೆಷಿನ್ ಎಲ್ಲ ಅವನ ಹತ್ರ ಇರ್ಲಿಲ್ಲ, ರೇಡಿಯಂ ಶೀಟ್ ಮೇಲೆ ಪೆನ್ಸಿಲಲ್ಲಿ ಗೀಚಿ, ಅರ್ಧ ಬ್ಲೇಡ್ ಹಿಡ್ಕೊಂಡು, ನಾಲಗೆ ತುದಿ ಒಂದು ಪಕ್ಕಕ್ಕೆ ಕಚ್ಕೊಂಡು ೯ ಅನ್ನೋ ಅಂಕಿಯ ಬಾಲನ ಒಂದೇ ಎಳೆತಕ್ಕೆ ಕತ್ತರಿಸ್ತಿದ್ದ. ಮುಂದೆ ಕನ್ನಡ ಅಂಕಿ, ಹಿಂದೆ ಇಂಗ್ಲಿಷು. ಹತ್ತಿರದಿಂದ ನೋಡಿದ್ರೆ ಎರಡು ೦ ಒಂದೇ ಥರ ಇರ್ಲಿಲ್ಲ, ಒಂದು ಕೋಳಿ ಮೊಟ್ಟೆ, ಇನ್ನೊಂದು ಬಾತುಕೋಳಿದು. ರಾಮಸ್ವಾಮಿ ಸರ್ಕಲಲ್ಲಿ ಒಂದ್ಸಲ ಹಿಡಿದ ಪೊಲೀಸಪ್ಪ ಮುಂದಿನ ಪ್ಲೇಟ್ ನೋಡಿ "ಕನ್ನಡದಲ್ಲಿ ಬರೆಸಿದೀಯಲ್ಲ, ಹೋಗು" ಅಂತ ಬಿಟ್ಟಿದ್ರು. ಕಾನೂನು ಪ್ರಕಾರ ಬರೀ ಕನ್ನಡ ಅಂಕಿ ನಡೆಯಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆಯುಧಪೂಜೆ ದಿನ ಬಾಳೆಕಂದು ಕಟ್ಟಿ ಪ್ಲೇಟೇ ಕಾಣದ ಹಾಗೆ ಇಡೀ ಊರು ಓಡಾಡುತ್ತೆ, ಯಾರ ಸ್ಕೇಲೂ ಜೇಬಿಂದ ಹೊರಗೆ ಬರಲ್ಲ.

ಇಲ್ಲಿಯವರಿಗೆ ನಂಬರ್ ಮೇಲೆ ಆಸೆ ಇಲ್ಲ ಅಂತಲ್ಲ. ಹೆಸರಿನ ಥರ ಓದಿಸ್ಕೊಳ್ಳೋ ನಂಬರನ್ನ ಸಾವಿರಾರು ಪೌಂಡ್ ಸುರಿದು ಕೊಳ್ತಾರೆ, ಸರ್ಕಾರವೇ ಮಾರುತ್ತೆ. ಆದ್ರೆ ಕೊಂಡ ಮೇಲೆ ಹೆಸರು ಚೆನ್ನಾಗಿ ಕಾಣ್ಲಿ ಅಂತ ಗ್ಯಾಪನ್ನ ಆಚೀಚೆ ಸರಿಸಿದ್ರೆ ತಪ್ಪು! ಅರಿಜೋನಾದಲ್ಲಿರೋ ನನ್ನ ಗೆಳೆಯಂಗೆ ಈ ಕತೆ ಹೇಳಿದ್ರೆ ಬಿದ್ದು ಬಿದ್ದು ನಕ್ಕ, ಅವರ ರಾಜ್ಯದಲ್ಲಿ ಕಾರಿಗೆ ಮುಂದಿನ ಪ್ಲೇಟೇ ಬೇಡವಂತೆ.

ಅಂಟಿಸೋ ಕೆಲಸ ಭಾನುವಾರ ಮಾಡಿದ್ವಿ, ನಾನು ಮತ್ತೆ ಪಕ್ಕದ ಮನೆ ರಿಟೈರ್ಡ್ ಮುದುಕಪ್ಪ. ಸ್ಕೇಲಿನ ದೇಶದ ಮನುಷ್ಯ ಅಲ್ವಾ, ಬರೋವಾಗಲೇ ರಸಮಟ್ಟ ತಂದಿದ್ದ. ಮೊದಲು ಹಳೇದನ್ನ ಹೇರ್‌ಡ್ರೈಯರಲ್ಲಿ ಬಿಸಿ ಮಾಡಿ ದೋಸೆ ಎಬ್ಬಿಸಿದ ಹಾಗೆ ಅಂಚಿಂದ ನಿಧಾನಕ್ಕೆ ಎಬ್ಬಿಸಿದ್ವಿ, ಉಳಿದ ಅಂಟನ್ನ ಸ್ಪಿರಿಟ್ ಬಟ್ಟೇಲಿ ಒರೆಸಿದ್ವಿ. ಟೇಪ್ ಹಾಕಿ ನಡುಮಧ್ಯ ಗುರುತು ಮಾಡಿ, ಎರಡು ಹನಿ ಸೋಪ್ ಹಾಕಿದ ನೀರನ್ನ ಚಿಮುಕಿಸಿದ್ವಿ. ಒದ್ದೆ ಇದ್ರೆ ಸ್ವಲ್ಪ ಹೊತ್ತು ಜರುಗಿಸಬಹುದು, ಒಣಗಿದ ಮೇಲೆ ಇಟ್ಟಿದ್ದೇ ಜಾಗ. ಆಮೇಲೆ ಮಧ್ಯದಿಂದ ಹೊರಗಡೆಗೆ ಹಳೇ ಬ್ಯಾಂಕ್ ಕಾರ್ಡಲ್ಲಿ ನೀರು, ಗಾಳಿ ಎಲ್ಲ ತಳ್ಳಬೇಕು. 5 ಅನ್ನೋದರ ಹೊಟ್ಟೆಲಿ ಒಂದು ಗುಳ್ಳೆ ಉಳ್ಕೊಂಡಿತ್ತು, ನಾನು ಪಿನ್ ಹುಡುಕ್ತಿದ್ದೆ, ಮುದುಕಪ್ಪ ಬೇಡ ಅಂತ ಕೈ ಹಿಡಿದು ಹೆಬ್ಬೆರಳಲ್ಲಿ ಹತ್ತು ನಿಮಿಷ ಒತ್ತಿ ಒತ್ತಿ ಅಂಚಿಗೆ ತಂದ. ಮುಗಿದ ಮೇಲೆ ನಮ್ಮನೆಯವಳು ಕುಂಕುಮದ ಬಟ್ಟಲು ತಂದ್ಲು, ಪ್ಲೇಟ್ ಮೇಲೆ ಬೇಡ ಮಾರಾಯ್ತಿ ಬಾನೆಟ್ ಮೇಲೆ ಇಡು ಅಂದೆ. ಯಾವ ಸೈಜಿನ ಬೊಟ್ಟಿಗೆ ಎಷ್ಟು ದಂಡವೋ.

ಇಷ್ಟೆಲ್ಲ ಬೈದುಕೊಂಡು ಬರೆದ ಮೇಲೆ ಒಂದು ವಿಷ್ಯ ಹೇಳ್ಲೇಬೇಕು, ಇಷ್ಟು ಹೊತ್ತು ಬೇಕಂತಲೇ ತಳ್ಳಿಕೊಂಡು ಬಂದೆ. ಕೆಲವು ವರ್ಷದ ಹಿಂದೆ ನಮ್ಮ ಚಿಕ್ಕಪ್ಪ ಬೆಳಗ್ಗೆ ಹಾಲು ತರೋಕೆ ಹೋದಾಗ ಒಂದು ಬೈಕ್ ಗುದ್ದಿಕೊಂಡು ಹೋಯ್ತು. ತೊಡೆ ಮೂಳೆ ಮುರೀತು. ನೋಡಿದೋರು ಮೂರು ಜನ ಇದ್ರು. ಹೂ ಮಾರೋ ಅಜ್ಜಿ, ಪೇಪರ್ ಹುಡುಗ, ಇನ್ಯಾರೋ ವಾಕಿಂಗ್ ಬಂದಿದ್ದೋರು. ನಂಬರ್ ಏನು ಅಂದ್ರೆ ಮೂರು ಜನಾನೂ ಹೇಳಿದ್ದು ಒಂದೇ, "ಹಿಂದುಗಡೆ ಸಿಂಹದ ಮುಖ ಇತ್ತು". ಸಿಂಹದ ಜೂಲು ಯಾವ ಬಣ್ಣ ಅಂತಾನೂ ಪೇಪರ್ ಹುಡುಗ ಹೇಳ್ದ. ಅಂಕಿ ಒಬ್ರಿಗೂ ಓದೋಕಾಗಿರ್ಲಿಲ್ಲ, ಅಷ್ಟು ಸ್ಟೈಲಾಗಿ ಬರೆಸಿದ್ದ ಪುಣ್ಯಾತ್ಮ. ಬೈಕ್ ಸಿಗಲೇ ಇಲ್ಲ. ಚಿಕ್ಕಪ್ಪ ಈಗಲೂ ಕಾಲು ಎಳ್ಕೊಂಡೇ ನಡೀತಾರೆ. ಆ ಸಿಂಹವೂ ಯಾವುದೋ ರೇಡಿಯಂ ಅಣ್ಣನ ಕೈಕೆಲಸವೇ ತಾನೇ.

ಹೋದ ಸಲ ಊರಿಗೆ ಹೋದಾಗ ಅಗ್ರಹಾರದಲ್ಲಿ ಆ ಪೆಟ್ಟಿಗೆ ಇನ್ನೂ ಇತ್ತು, ಆದ್ರೆ ಅರ್ಧಕ್ಕರ್ಧ ಮೊಬೈಲ್ ಸ್ಕ್ರೀನ್ ಗಾರ್ಡು. "ನಂಬರೆಲ್ಲ ಈಗ ಎಚ್‌ಎಸ್‌ಆರ್‌ಪಿ ಅಲ್ವಾ ಸಾರ್" ಅಂದ. ಮರಿ ಹೋಗಿ ಸಾರ್ ಆಗಿದ್ದೆ. 2019ರ ಏಪ್ರಿಲಿಂದ ಹೊಸ ಗಾಡಿಗೆಲ್ಲ ಅದೇ, ಅಲ್ಯೂಮಿನಿಯಂ ಪ್ಲೇಟು, ಅಶೋಕ ಚಕ್ರದ ಹೊಲೋಗ್ರಾಮು, ಒಂದ್ಸಲ ಕೂರಿಸಿದ್ರೆ ಮುರಿದೇ ತೆಗೀಬೇಕಾದ ಲಾಕು. ಹಳೇ ಗಾಡಿಗೂ ಹಾಕಿಸಿ ಅಂತ 2023ರಲ್ಲಿ ಆದೇಶ ಬಂತು, ಕೊನೇ ದಿನಾಂಕ ಮುಂದಕ್ಕೆ ಹೋಯ್ತು, ಮತ್ತೆ ಹೋಯ್ತು, ಮತ್ತೆ ಹೋಯ್ತು. ನಮ್ಮ ಊರಿನ ಮೇಲೆ ನನಗೆ ಪ್ರೀತಿ ಉಕ್ಕೋದು ಇಂಥ ಕಡೆನೇ. ಆದ್ರೆ ಚಿಕ್ಕಪ್ಪನ ಎದುರು ಕೂತು ಹಾಗಂತ ಹೇಳೋ ಧೈರ್ಯ ನನಗಿಲ್ಲ.

ರೀಟೆಸ್ಟ್ ಆಯ್ತು. ಅದೇ ಮನುಷ್ಯ, ಅದೇ ಸ್ಕೇಲು. 33 ಅಂದ, ಪಾಸ್ ಅಂದ, ಬಾನೆಟ್ ಮೇಲಿನ ಕುಂಕುಮ ನೋಡಿ ಪೇಂಟ್ ಕಿತ್ತಿದೆಯಾ ಅಂತ ಉಗುರಲ್ಲಿ ಒಂದ್ಸಲ ಕೆರೆದು ನೋಡಿ ಸುಮ್ಮನಾದ. 460 ಆಗಿದ್ದಕ್ಕೆ ಎರಡೂ ತುದಿ ಒಂದೊಂದು ಸೆಂಟಿಮೀಟರ್ ಬಾಗಿನ ಮೇಲೆ ಹತ್ತಿದೆ, ಎಡಗಡೆ ಮೂಲೆ ಆಗಲೇ ಸ್ವಲ್ಪ ಏಳ್ತಿದೆ. ದಿನಾ ಬೆಳಗ್ಗೆ ಆಫೀಸಿಗೆ ಹೊರಡೋ ಮುಂಚೆ ಹೆಬ್ಬೆರಳಲ್ಲಿ ಒಂದ್ಸಲ ಒತ್ತಿ ಹೋಗ್ತೀನಿ.