ಕಡಲ ತಳದ ತೈಲ: ಸೀಸ್ಮಿಕ್ ಸರ್ವೆಯನ್ನು ನಂಬಿ ಕೊರೆಯಬಹುದಾ?

ಪರ

ಅರಸೀಕೆರೆ ಹತ್ತಿರದ ನಮ್ಮ ತೋಟದಲ್ಲಿ ಅಪ್ಪ ಮೂರು ಬೋರ್ ಕೊರೆಸಿದರು. ಮೂರಕ್ಕೂ ಪಾಯಿಂಟ್ ಮಾಡಿದ್ದು ಅಂಗೈ ಮೇಲಿನ ತೆಂಗಿನಕಾಯಿ. ಮೂರೂ ಫೇಲ್, ಸಾಲ ಇನ್ನೂ ತೀರಿಲ್ಲ. ಕಡಲಲ್ಲಿ ಹೀಗೆ ಅದೃಷ್ಟ ನಂಬಿಕೊಂಡು ಕೊರೆಯಲು ಆಗುತ್ತದಾ? ಆಳ ನೀರಿನಲ್ಲಿ ಒಂದೇ ಬಾವಿಗೆ ನೂರಾರು ಕೋಟಿ ಬೇಕು.

ಸೀಸ್ಮಿಕ್ ಸರ್ವೆ ಅಂದರೆ ಸದ್ದು ಕಳಿಸಿ ನೆಲದಡಿಯನ್ನು ನೋಡುವುದು. ಸರ್ವೆ ಹಡಗು ಏರ್‌ಗನ್‌ನಿಂದ ಒತ್ತಡದ ಗಾಳಿಯನ್ನು ನೀರಿಗೆ ಬಿಡುತ್ತದೆ, ಆ ಸದ್ದು ಕಡಲ ತಳದ ಕೆಳಗಿನ ಒಂದೊಂದು ಪದರಕ್ಕೂ ಬಡಿದು ವಾಪಸ್ ಬರುತ್ತದೆ, ಹಡಗಿನ ಹಿಂದೆ ಕಿಲೋಮೀಟರ್‌ಗಟ್ಟಲೆ ಎಳೆದುಕೊಂಡು ಹೋಗುವ ಕೇಬಲ್‌ಗಳಲ್ಲಿನ ಹೈಡ್ರೋಫೋನ್‌ಗಳು, ಅಂದರೆ ನೀರೊಳಗಿನ ಮೈಕ್‌ಗಳು, ಅದನ್ನು ಹಿಡಿಯುತ್ತವೆ. 1960ರ ದಶಕದಲ್ಲಿ ಸೋವಿಯತ್ ಹಡಗು ಮಾಡಿದ ಇಂಥ ಸರ್ವೆಯಲ್ಲೇ ಮುಂಬೈ ಹತ್ತಿರದ ಕಡಲಡಿಯಲ್ಲಿ ಮುಂಬೈ ಹೈ ಎಂಬ ಬಂಡೆ ಪದರಗಳ ಉಬ್ಬು ಕಂಡಿದ್ದು. 1974ರಲ್ಲಿ ಅಲ್ಲಿ ತೈಲ ಸಿಕ್ಕಿತು. ಈಗ ಪದರಗಳನ್ನು ಉದ್ದ, ಅಗಲ, ಆಳ ಮೂರರಲ್ಲೂ ತೋರಿಸುವ 3ಡಿ ಸರ್ವೆ ಬಂದಿದೆ. ಹಳೇ ಡೇಟಾವನ್ನೇ ಹೊಸ ಕಂಪ್ಯೂಟರ್‌ಗಳಲ್ಲಿ ಮತ್ತೆ ಸಂಸ್ಕರಿಸಿದರೆ ಮೊದಲು ಮಸುಕಾಗಿದ್ದ ಪದರಗಳು ಎಷ್ಟೋ ಸ್ಪಷ್ಟವಾಗುತ್ತವೆ, ಅದಕ್ಕೆ ಹೊಸ ಹಡಗೂ ಬೇಕಿಲ್ಲ.

ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಮಂಗಳೂರಿಂದ ಹಾಸನದ ಮೇಲೆ ಬೆಂಗಳೂರಿಗೆ ಪೈಪ್‌ಲೈನ್ ಇದೆಯಲ್ವಾ, ಅದರಲ್ಲಿ ಹರಿಯುವ ಡೀಸೆಲ್ಲಿನ ಮೂಲವೂ ಬಹುಪಾಲು ಪರದೇಶದ್ದೇ. ನಮ್ಮ ಕಡಲಲ್ಲಿ ಏನಿದೆ ಎಂದು ನೋಡದೆ ಸುಮ್ನೆ ಕೂರುವುದು ತಪ್ಪು.

ವಿರೋಧ

ಸರ್ವೆಯಲ್ಲಿ ಕಾಣುವುದು ಪಾತ್ರೆ, ಅಂದರೆ ತೈಲ ನಿಲ್ಲಬಹುದಾದ ಬಂಡೆಯ ಆಕಾರ ಮಾತ್ರ. ಒಳಗೆ ತೈಲವೋ ಉಪ್ಪುನೀರೋ, ಕೊರೆದ ಮೇಲೇ ಗೊತ್ತಾಗುವುದು. ಬಂಡೆಯಲ್ಲಿ ಚೂರೇ ಚೂರು ಗ್ಯಾಸ್ ಇದ್ದರೂ ಸರ್ವೆ ಚಿತ್ರದಲ್ಲಿ ದೊಡ್ಡ ನಿಕ್ಷೇಪದ ಹಾಗೆಯೇ ಹೊಳೆಯುತ್ತದೆ. ನಮ್ಮ ಹೊಲದ ಬೋರ್‌ಗೆ ಪಾಯಿಂಟ್ ಮಾಡಿದ್ದು ಮಿಷನ್, ತೆಂಗಿನಕಾಯಿ ಅಲ್ಲ. ಆದರೂ ರಾತ್ರಿಯಿಡೀ ಎದ್ದಿದ್ದು ಬರೀ ಬಿಳಿ ಕಲ್ಲಿನ ಧೂಳು, ಬೆಳಿಗ್ಗೆ ತೊಗರಿ ಗಿಡಗಳೆಲ್ಲ ಸುಣ್ಣ ಬಳಿದ ಹಾಗಿದ್ದವು.

ಆಂಧ್ರದ ಕರಾವಳಿಯಾಚೆ ಕೃಷ್ಣಾ-ಗೋದಾವರಿ ಕಡಲಿನ ಡಿ6 ಎಂಬ ಗ್ಯಾಸ್ ಬ್ಲಾಕ್ ನೋಡಿ. 3ಡಿ ಸರ್ವೆ ಇತ್ತು, ದೊಡ್ಡ ಕಂಪನಿ, ದೊಡ್ಡ ಅಂದಾಜು. 2009ರಲ್ಲಿ ಗ್ಯಾಸ್ ಬರಲು ಶುರುವಾಯಿತು. 2010ರ ನಂತರ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಯಿತು, ನಿಕ್ಷೇಪದ ಅಂದಾಜನ್ನೇ ಕಡಿಮೆ ಮಾಡಬೇಕಾಯಿತು. ಪಶ್ಚಿಮ ಕಡಲಿನದು ಇನ್ನೊಂದು ಕಷ್ಟ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್‌ನಲ್ಲಿ ಹರಿದ ಲಾವಾ ಗಟ್ಟಿಯಾಗಿ ಕಡಲಡಿಯಲ್ಲೂ ಹಾಸಿಕೊಂಡಿದೆ. ಅದು ಸದ್ದನ್ನು ಚದುರಿಸಿಬಿಡುವುದರಿಂದ ಕೆಳಗಿನ ಪದರ ಸರಿಯಾಗಿ ಕಾಣುವುದೇ ಇಲ್ಲ.

ಸರ್ವೆ ನಡೆಯುವಾಗ ಹಗಲೂ ರಾತ್ರಿ ಕೆಲವು ಸೆಕೆಂಡಿಗೊಮ್ಮೆ ಸದ್ದು. ತಿಮಿಂಗಿಲ, ಡಾಲ್ಫಿನ್‌ಗಳು ಬದುಕುವುದೇ ಕಿವಿಯಿಂದ. ಕೇಬಲ್‌ಗೆ ಬಲೆ ಸಿಕ್ಕಬಾರದೆಂದು ದೋಣಿಗಳೂ ದೂರ ಇರಬೇಕು. ಶಿರಾಡಿ ಹತ್ತಿ ಹಾಸನಕ್ಕೆ ಬರುವ ಬಂಗುಡೆ ಮೀನು ಹಿಡಿಯುವವರು ಆ ದೋಣಿಯವರೇ. ಆ ದಿನಗಳ ಕೂಲಿ ಅವರಿಗೆ ಯಾರು ಕೊಡುತ್ತಾರೆ? ಇದನ್ನು ಸರ್ವೆ ಮಾಡಿಸುವವರು ಹಡಗು ಹೊರಡುವ ಮೊದಲೇ ಬರೆದುಕೊಡಲಿ.