ನಲವತ್ತು ನಿಮಿಷ ಕೊಡಿ ಎನ್ನುವ ಶಾಲೆ

ಶುಕ್ರವಾರ ಮಧ್ಯಾಹ್ನವಾದರೆ ಮಗಳ ಶಾಲೆಯ ಮುಖ್ಯೋಪಾಧ್ಯಾಯಿನಿಯ ಇಮೇಲ್ ಬಂತೆಂದೇ ಲೆಕ್ಕ. ಸೆಪ್ಟೆಂಬರ್ ಮೊದಲ ವಾರ ಶಾಲೆ ತೆರೆದಾಗ ನಾಲ್ಕು ಸಾಲಿರುವ ಈ ಪತ್ರ ಅಕ್ಟೋಬರ್ ಹೊತ್ತಿಗೆ ಪುಟಗಟ್ಟಲೆ ಬೆಳೆದಿರುತ್ತದೆ. ಫೋಟೊ ತೆಗೆಸುವ ದಿನ. ಅಂದು ಕಣ್ಣು ಮುಚ್ಚಿದವರಿಗೆ ಮತ್ತೊಂದು ದಿನ. ಪುಸ್ತಕ ಮೇಳ. ಅಗ್ನಿಶಾಮಕ ವಾಹನ ಅಂಗಳಕ್ಕೆ ಬಂದು ಮಕ್ಕಳನ್ನು ಹತ್ತಿಸಿಕೊಳ್ಳುವ ದಿನ (1871ರ ಅಕ್ಟೋಬರಿನಲ್ಲಿ ಷಿಕಾಗೊ ನಗರ ಹೊತ್ತಿ ಉರಿದುದರ ನೆನಪಿಗೆ ಇಲ್ಲಿ ಅಮೆರಿಕದಲ್ಲಿ ಆ ವಾರವನ್ನು ಬೆಂಕಿ ಸುರಕ್ಷತೆಗೆ ಮೀಸಲಿಟ್ಟಿದ್ದಾರೆ). ಮಕ್ಕಳು ಬಿಟ್ಟುಹೋದ ಜಾಕೆಟ್‌ಗಳು ಕಚೇರಿಯ ಮುಂದೆ ನೇತಾಡುತ್ತಿವೆ, ಒಯ್ಯದಿದ್ದರೆ ದಾನಕ್ಕೆ ಹೋಗುತ್ತವೆ. ಅಕ್ಟೋಬರ್ ಕೊನೆಗೆ ಮಕ್ಕಳು ವೇಷ ಹಾಕುವ ಹ್ಯಾಲೋವೀನ್ ಹಬ್ಬದ ಮೆರವಣಿಗೆಗೆ ಮುಖವಾಡ ಬೇಡ, ಆಟಿಕೆಯ ಕತ್ತಿಯೂ ಬೇಡ. ಬಡವರಿಗೆ ಹಂಚಲು ಡಬ್ಬಿಯ ಆಹಾರ ತನ್ನಿ. ಇಷ್ಟೆಲ್ಲ ಆದಮೇಲೆ ಕಟ್ಟಕಡೆಗೆ ಪಿಟಿಎ, ಅಂದರೆ ಪೋಷಕರ ಮತ್ತು ಶಿಕ್ಷಕರ ಸಂಘ, ಹಾಕಿದ ಒಂದು ಸಾಲು: ಪುಸ್ತಕ ಮೇಳಕ್ಕೆ ಬುಧವಾರ ಹತ್ತರಿಂದ ಹತ್ತು ನಲವತ್ತರವರೆಗೆ ಇಬ್ಬರು ಬೇಕು, ಹೆಸರು ಬರೆಯಿರಿ.

ನ್ಯೂ ಜೆರ್ಸಿಯ ಈ ಊರಿಗೆ ಬಂದ ಹೊಸದರಲ್ಲಿ ಉಳಿದ ಸುದ್ದಿಯನ್ನೆಲ್ಲ ಓದಿ ಈ ಕೊನೆಯ ಸಾಲನ್ನು ದಾಟಿ ಹೋಗುತ್ತಿದ್ದೆ. ಈಗ ಮೊದಲು ಅದನ್ನೇ ಹುಡುಕುತ್ತೇನೆ. ಅಮೆರಿಕದ ಶಾಲೆಗಳನ್ನು ಹೊಗಳುವ ನಮ್ಮವರು ಕಟ್ಟಡವನ್ನು, ಮೈದಾನವನ್ನು, ಹಳದಿ ಬಸ್ಸನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ಇಲ್ಲಿಂದ ಕಲಿಯಬೇಕಾದದ್ದು ಆ ಒಂದು ಸಾಲಿನಲ್ಲಿದೆ. ಪೋಷಕರಿಂದ ಏನು ಬೇಕು, ಎಂದು ಬೇಕು, ಎಷ್ಟು ಹೊತ್ತು ಬೇಕು ಎಂಬುದನ್ನು ಶಾಲೆ ಬಾಯಿಬಿಟ್ಟು ಕೇಳುತ್ತದೆ. ಎಷ್ಟು ಹೊತ್ತಿಗೆ ಬಿಡುಗಡೆ ಎಂಬುದೂ ಮೊದಲೇ ಗೊತ್ತಿರುವುದರಿಂದ ಒಪ್ಪಿಕೊಳ್ಳುವವರು ಸಿಗುತ್ತಾರೆ.

ಈ ರೂಢಿ ಒಂದೆರಡು ದಶಕಗಳದ್ದಲ್ಲ. 1897ರಲ್ಲಿ ವಾಷಿಂಗ್ಟನ್ನಿನಲ್ಲಿ ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್ ಎಂಬ ಇಬ್ಬರು ತಾಯಂದಿರ ಸಮಾವೇಶ ಕರೆದರು. ಇಂದಿನ ಪಿಟಿಎಯ ಮೂಲ ಅದೇ. ಶಾಲೆಗಳೇ ಬಣ್ಣದ ಮೇಲೆ ಬೇರೆಯಾಗಿದ್ದ ಕಾಲವಾದ್ದರಿಂದ ಕಪ್ಪು ಜನರ ಮಕ್ಕಳ ಶಾಲೆಗಳಿಗಾಗಿ 1926ರಲ್ಲಿ ಸೆಲೀನಾ ಸ್ಲೋನ್ ಬಟ್ಲರ್ ಇನ್ನೊಂದು ಸಂಘ ಕಟ್ಟಬೇಕಾಯಿತು. ಎರಡೂ ಒಂದಾದದ್ದು 1970ರಲ್ಲಿ. ಸಮುದಾಯ ಎಂಬ ಮಾತನ್ನು ಇಲ್ಲಿ ಯಾರಾದರೂ ತುಂಬಾ ಸಿಹಿಯಾಗಿ ಆಡಿದಾಗ ಈ 1970 ನನಗೆ ನೆನಪಾಗುತ್ತದೆ.

ನಲವತ್ತು ನಿಮಿಷದಲ್ಲಿ ಆಗುವುದಾದರೂ ಏನು? ಪುಸ್ತಕ ಮೇಳದ ಮೇಜಿನ ಹಿಂದೆ ಒಮ್ಮೆ ನಿಂತು ನೋಡಿ. ಸ್ಕೊಲಾಸ್ಟಿಕ್ ಕಂಪನಿ ಗಾಲಿಯ ಕಪಾಟುಗಳಲ್ಲಿ ಪುಸ್ತಕ ಕಳಿಸುತ್ತದೆ, ಮಾರಾಟದಲ್ಲಿ ಒಂದು ಪಾಲು ಶಾಲೆಗೆ ಸಿಗುತ್ತದೆ. ಪುಸ್ತಕಕ್ಕಿಂತ ಚಾಕೊಲೇಟ್ ವಾಸನೆಯ ರಬ್ಬರು, ಥಳಕಿನ ಪೆನ್ನುಗಳೇ ಹೆಚ್ಚು ಖರ್ಚಾಗುತ್ತವೆ ಎಂಬುದು ಬೇರೆ ಮಾತು. ಒಬ್ಬ ಹುಡುಗ ಐವತ್ತು ಡಾಲರ್ ನೋಟು ಹಿಡಿದು ಬರುತ್ತಾನೆ. ಅವನ ಹಿಂದಿನ ಹುಡುಗಿಯ ಬಳಿ ಚಿಲ್ಲರೆ ನಾಣ್ಯಗಳಿವೆ, ಅವಳು ಆರಿಸಿದ ಪುಸ್ತಕಕ್ಕೆ ಅವು ಸಾಲುವುದಿಲ್ಲ. ಇಂಥವರಿಗೆಂದೇ ಪಿಟಿಎ ಒಂದು ಡಬ್ಬಿ ಇಟ್ಟಿರುತ್ತದೆ. ಸದ್ದಿಲ್ಲದೆ ಅದರಿಂದ ತೆಗೆದು ಲೆಕ್ಕ ಸರಿಮಾಡುವುದು ಮೇಜಿನ ಹಿಂದಿರುವವರ ಕೆಲಸ. ನನ್ನ ಮಗಳ ತರಗತಿಯಲ್ಲಿ ಯಾರ ಮನೆಯ ಕಷ್ಟ ಎಂಥದು, ಊಟದ ಹೊತ್ತಿನಲ್ಲಿ ಯಾರು ಒಂಟಿಯಾಗಿ ಕೂರುತ್ತಾರೆ, ಇಪ್ಪತ್ತೈದು ಮಕ್ಕಳ ನಡುವೆ ನಿಂತ ಶಿಕ್ಷಕಿಯ ಗಂಟಲು ಹನ್ನೊಂದು ಗಂಟೆಗೇ ಹೇಗೆ ಒಡೆದಿರುತ್ತದೆ ಎಂಬುದು ನನಗೆ ತಿಳಿದದ್ದು ಹೀಗೆ. ಶಿಕ್ಷಕರ ಮೇಲೆ ದೂರು ಬರೆಯಲು ಆಮೇಲೆ ಕೈ ಅಷ್ಟು ಬೇಗ ಏಳುವುದಿಲ್ಲ.

ನಮ್ಮವರ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಜಾಲತಾಣಗಳು ಶಾಲೆಗೆ ಕೊಡುವ ಅಂಕ ನೋಡಿ ಮನೆ ಕೊಳ್ಳುವವರಲ್ಲಿ ನಾವು ಮುಂದೆ. ಹತ್ತಕ್ಕೆ ಒಂಬತ್ತು ಬಂದ ಶಾಲೆಯ ಸರಹದ್ದಿನೊಳಗೆ ಮನೆ ಸಿಗಬೇಕೆಂದು ಸಾಲ ಮೇಲೆ ಸಾಲ ಮಾಡುತ್ತೇವೆ. ಗೃಹಪ್ರವೇಶ ಮುಗಿದ ಮೇಲೆ ಆ ಶಾಲೆ ನಮಗೆ ಅಂಗಡಿ. ತೆರಿಗೆ ಕಟ್ಟಿದ್ದೇವೆ, ಸರಕು ಕೊಡಿ. ಪಿಟಿಎ ಚಂದಾ ಕೇಳಿದರೆ ತಕ್ಷಣ ಕೊಡುತ್ತೇವೆ, ಆ ವಿಷಯದಲ್ಲಿ ಕೈ ಹಿಂದೆಗೆಯುವುದಿಲ್ಲ. ಸುಗ್ಗಿ ಮೇಳದ ದಿನ ಕುಂಬಳಕಾಯಿ ಹೊರಲು ಬನ್ನಿ ಎಂದರೆ ಎಲ್ಲರಿಗೂ ಮೀಟಿಂಗು. ಉಚ್ಚಾರಣೆಯ ಸಂಕೋಚ ಕೆಲವರಿಗೆ ಇರುವುದು ನಿಜ, ಅದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ನವೆಂಬರಿನಲ್ಲಿ ಶಿಕ್ಷಕಿ ಒಬ್ಬೊಬ್ಬ ಪೋಷಕರಿಗೂ ಹದಿನೈದು ನಿಮಿಷ ಕೊಟ್ಟು ಮಾತಾಡುವ ದಿನ ಈ ಸಂಕೋಚ ಎಲ್ಲಿ ಅಡಗುತ್ತದೋ ಕಾಣೆ. ಅಂದು ತಪ್ಪದೆ ಹಾಜರಾಗಿ, ಮಗು ತರಗತಿಗೆ ಎಷ್ಟನೆಯದು ಎಂದು ಕೇಳುತ್ತೇವೆ. ಇಲ್ಲಿ ಪ್ರಾಥಮಿಕ ಶಾಲೆಯಲ್ಲಿ ರ‍್ಯಾಂಕ್ ಹೇಳುವ ಪದ್ಧತಿಯಿಲ್ಲ. ಮಗಳು ಓದಿದ್ದನ್ನು ಗೆಳತಿಗೆ ವಿವರಿಸುವಾಗ ಚೆನ್ನಾಗಿ ಮಾತಾಡುತ್ತಾಳೆ ಎಂದು ಶಿಕ್ಷಕಿ ಹೇಳಿದರೆ, ಹೊರಗೆ ಬಂದು "ಏನೂ ಹೇಳಲಿಲ್ಲ" ಎನ್ನುತ್ತೇವೆ.

ಇದನ್ನೆಲ್ಲ ನಾನು ತಿಪಟೂರು ಕಡೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿರುವ ನನ್ನ ಅಕ್ಕನಿಗೆ ಹೇಳುತ್ತಿರುತ್ತೇನೆ. ಅವಳು ಬೇಗ ಮರುಳಾಗುವವಳಲ್ಲ. ನಿಮ್ಮ ಶಾಲೆಯ ಬಾಗಿಲಿಗೆ ಬೀಗ ಹಾಕಿರುತ್ತಾರಲ್ಲ, ಅದು ಊರಿನ ಶಾಲೆ ಹೇಗಾಗುತ್ತದೋ ಎಂದು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇದೆ. ನಾನು ಒಳಗೆ ಹೋಗಬೇಕಾದರೆ ಗಂಟೆ ಒತ್ತಿ, ಕ್ಯಾಮೆರಾಕ್ಕೆ ಮುಖ ತೋರಿಸಿ, ಗುರುತಿನ ಚೀಟಿ ಕೊಟ್ಟು, ಎದೆಗೆ ಚೀಟಿ ಅಂಟಿಸಿಕೊಳ್ಳಬೇಕು. ನ್ಯೂ ಜೆರ್ಸಿಯ ಕಾನೂನಿನಂತೆ ಪ್ರತಿ ಶಾಲೆಯಲ್ಲೂ ತಿಂಗಳಿಗೊಮ್ಮೆ ಬೆಂಕಿ ಕವಾಯತು, ತಿಂಗಳಿಗೊಮ್ಮೆ ಭದ್ರತಾ ಕವಾಯತು ನಡೆಯಲೇಬೇಕು. ಎರಡನೆಯದರಲ್ಲಿ ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಕಿಟಕಿಯಿಂದ ಕಾಣದ ಮೂಲೆಯಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಾರೆ. 2012ರ ಡಿಸೆಂಬರಿನಲ್ಲಿ ಪಕ್ಕದ ರಾಜ್ಯವನ್ನು ದಾಟಿದರೆ ಸಿಗುವ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ ಬಂದೂಕುಧಾರಿಯೊಬ್ಬ ಇಪ್ಪತ್ತು ಮಕ್ಕಳನ್ನೂ ಆರು ಮಂದಿ ಸಿಬ್ಬಂದಿಯನ್ನೂ ಕೊಂದ. ಕುಂಬಳಕಾಯಿ ಮೇಳದ ಸುದ್ದಿಯ ಕೆಳಗೇ "ಗುರುವಾರದ ಭದ್ರತಾ ಕವಾಯತು ಯಶಸ್ವಿಯಾಗಿ ಮುಗಿಯಿತು" ಎಂಬ ಸಾಲು ಇರುತ್ತದೆ. ಅದನ್ನು ಓದುವುದು ನನಗೆ ಇವತ್ತಿಗೂ ಅಭ್ಯಾಸವಾಗಿಲ್ಲ. ಅಕ್ಕನ ಶಾಲೆಯ ಗೇಟಿಗೆ ಬೀಗವಿಲ್ಲ, ಜಗಲಿಯ ಮೇಲೆ ಊರಿನ ಅಜ್ಜಂದಿರು ಕೂತಿರುತ್ತಾರೆ, ಆಗಾಗ ಮೇಕೆಯೂ ಬರುತ್ತದೆ. ಆದರೂ ತರಗತಿಯೊಳಗೆ ಪೋಷಕರು ಕಾಲಿಡುವುದು ದಾಖಲಾತಿಗೆ, ಟಿ.ಸಿ.ಗೆ, ಇಲ್ಲವೇ ಜಗಳಕ್ಕೆ.

ಕಾನೂನಿನ ಕೊರತೆ ಇದಕ್ಕೆ ಕಾರಣವಲ್ಲ. ಕಾಗದದ ಮೇಲೆ ನಮ್ಮ ಪೋಷಕರಿಗಿರುವ ಅಧಿಕಾರ ಇಲ್ಲಿಯ ಪಿಟಿಎಗೆ ಕನಸಿನಲ್ಲೂ ಇಲ್ಲ. ಕರ್ನಾಟಕ ಸರ್ಕಾರ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು (ಎಸ್‌ಡಿಎಂಸಿ) ರಚಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದಾಗ ಅದರ 21ನೇ ಸೆಕ್ಷನ್ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದಿತು. ಎಸ್‌ಡಿಎಂಸಿ ಅಧ್ಯಕ್ಷರ ಸಹಿಯಿಲ್ಲದೆ ಹಣ ಖರ್ಚಾಗದು. ಅಮೆರಿಕದ ಪಿಟಿಎ ಅಧ್ಯಕ್ಷೆ ಸರ್ಕಾರದ ಒಂದು ಡಾಲರ್ ಮೇಲೂ ಕೈಯಿಡುವಂತಿಲ್ಲ. ನಾವು ಪೋಷಕರಿಗೆ ಮೇಲುಸ್ತುವಾರಿ ಕೊಟ್ಟೆವು, ಕೆಲಸ ಕೊಡಲಿಲ್ಲ. ಹೀಗಾಗಿ ಅಧ್ಯಕ್ಷರಾದವರು ಸಹಿ ಹಾಕುತ್ತಾರೆ, ಧ್ವಜಾರೋಹಣಕ್ಕೆ ಬರುತ್ತಾರೆ, ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಕೂರುತ್ತಾರೆ. ಉಳಿದ ಪೋಷಕರು ಎದುರು ಕೂತು ನೋಡುತ್ತಾರೆ. ಇನ್ನು ಬೆಂಗಳೂರಿನ ಅನುದಾನರಹಿತ ಖಾಸಗಿ ಶಾಲೆಗಳಿಗೆ ಕಾಯ್ದೆಯ ಈ ಸೆಕ್ಷನ್ ಅನ್ವಯಿಸುವುದೇ ಇಲ್ಲ. ಅಲ್ಲಿ ಓದುವ ನನ್ನ ಸೋದರಳಿಯನ ಶಾಲೆಯಿಂದ ಬರುವ ಸಂದೇಶಗಳನ್ನು ನೋಡಿದ್ದೇನೆ: ಶುಲ್ಕದ ಎರಡನೆಯ ಕಂತು, ಸಮವಸ್ತ್ರ, ವಾರ್ಷಿಕೋತ್ಸವದ ವೇಷದ ಬಾಡಿಗೆ.

ನಮ್ಮಲ್ಲಿ ಪೋಷಕರು ಬರುವುದೇ ಇಲ್ಲ ಎಂದು ಹೇಳುವವರಿಗೆ ಅಕ್ಕ ಬಿಸಿಯೂಟವನ್ನು ತೋರಿಸುತ್ತಾಳೆ. ಅವಳ ಶಾಲೆಯಲ್ಲಿ ತಾಯಂದಿರು ಸರದಿಯ ಮೇಲೆ ಬಂದು ಸಾಂಬಾರಿನ ರುಚಿ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಓದು ಬರದವರು ಹೆಬ್ಬೆಟ್ಟು ಒತ್ತುತ್ತಾರೆ, ಉಪ್ಪು ಹೆಚ್ಚಾದರೆ ಅಡುಗೆಯವರಿಗೆ ಅಲ್ಲೇ ಹೇಳುತ್ತಾರೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡಬೇಕು ಎಂಬುದು ಗೊತ್ತಿರುವ ಕೆಲಸ ಅದೊಂದೇ. ಜನ ಬರುವುದೂ ಅದಕ್ಕೇ. ಊಟದ ವಿಷಯದಲ್ಲಂತೂ ಅಮೆರಿಕದವರು ನಮ್ಮ ಕಡೆ ಬಂದು ನೋಡಿಕೊಂಡು ಹೋಗಬೇಕು. ಇಲ್ಲಿ ಶಾಲಾ ಊಟಕ್ಕೆ 1946ರಿಂದ ರಾಷ್ಟ್ರೀಯ ಕಾನೂನಿದೆ, ಆದರೂ ಹೆಚ್ಚಿನ ರಾಜ್ಯಗಳ ಅನೇಕ ಶಾಲೆಗಳಲ್ಲಿ ಬಡತನದ ಅರ್ಜಿ ತುಂಬಿಯೇ ಉಚಿತ ಊಟ ಪಡೆಯಬೇಕು. ಎಲ್ಲ ಮಕ್ಕಳಿಗೂ ಪ್ರಶ್ನೆಯಿಲ್ಲದೆ ಊಟ ಎಂದು ಕ್ಯಾಲಿಫೋರ್ನಿಯಾ ಮತ್ತು ಮೇಯ್ನ್ ಮೊದಲಾಗಿ ನಿರ್ಧರಿಸಿ ಜಾರಿಗೆ ತಂದದ್ದು 2022ರಲ್ಲಿ. ಮಗಳ ಊಟದ ಖಾತೆಯಲ್ಲಿ ಹಣ ಮುಗಿದರೆ ನನಗೆ ಇಮೇಲ್ ಬರುತ್ತದೆ. ಅಕ್ಕನ ಶಾಲೆಯಲ್ಲಿ ತಟ್ಟೆ ಹಿಡಿದ ಮಗುವಿನ ಅಪ್ಪನ ಆದಾಯವನ್ನು ಯಾರೂ ಕೇಳುವುದಿಲ್ಲ.

ಇಲ್ಲಿಯ ಸಮುದಾಯ ಜೀವನಕ್ಕೆ ಇನ್ನೂ ಒಂದು ಕೊಂಕಿದೆ. ಶಾಲೆಯ ಖರ್ಚಿನ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ದುಬಾರಿ ಮನೆಗಳ ಊರಿಗೆ ಒಳ್ಳೆಯ ಶಾಲೆ, ಅಗ್ಗದ ಮನೆಗಳ ಊರಿಗೆ ಸೋರುವ ಛಾವಣಿ ಎಂಬ ಲೆಕ್ಕವನ್ನು ನ್ಯೂ ಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಅಬ್ಬಾಟ್ ಪ್ರಕರಣದ 1990ರ ತೀರ್ಪಿನಲ್ಲಿ ಒಪ್ಪಲಿಲ್ಲ. ಬಡ ನಗರಗಳ ಶಾಲೆಗಳಿಗೂ ಸಿರಿವಂತ ಊರುಗಳಷ್ಟೇ ಹಣ ಸಿಗುವಂತೆ ಮಾಡಿ ಎಂದಿತು. ಪಿಟಿಎಯ ಡಬ್ಬಿಗೆ ಆ ತೀರ್ಪು ತಲುಪುವುದಿಲ್ಲ. ನಮ್ಮ ಊರಿನಲ್ಲಿ ಒಂದು ಸಂಜೆಯ ಮೇಳದಿಂದ ಬಂದ ಹಣದಲ್ಲಿ ಮಕ್ಕಳು ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದರು. ಎರಡೆರಡು ಪಾಳಿಯಲ್ಲಿ ದುಡಿಯುವ ತಾಯಂದಿರಿರುವ ಊರಿನಲ್ಲಿ ಮೇಳ ನಡೆಸಲು ಬಿಡುವಿರುವವರೇ ಸಿಗುವುದಿಲ್ಲ. ಹೊತ್ತೂ ಒಂದು ಆಸ್ತಿಯೇ, ಅದಕ್ಕೆ ತೆರಿಗೆಯಿಲ್ಲ ಅಷ್ಟೇ.

ಹಬ್ಬಗಳ ಗೊಂದಲ ಇಲ್ಲೂ ತಪ್ಪಿದ್ದಲ್ಲ. 2023ರಲ್ಲಿ ಇಲ್ಲಿಯ ಸೌತ್ ಆರೆಂಜ್ ಮತ್ತು ಮೇಪಲ್‌ವುಡ್ ಊರುಗಳ ಶಾಲಾ ಆಡಳಿತ, ಎಲ್ಲ ಕುಟುಂಬಗಳೂ ಆಚರಿಸುವುದಿಲ್ಲವೆಂಬ ಕಾರಣಕ್ಕೆ ಹ್ಯಾಲೋವೀನ್ ಆಚರಣೆಯನ್ನು ಶಾಲಾ ಹೊತ್ತಿನಿಂದ ಕೈಬಿಟ್ಟಾಗ ರಾಜ್ಯದ ಗವರ್ನರರೇ ಅದನ್ನು ಬಹಿರಂಗವಾಗಿ ಹಂಗಿಸಿದರು. ನಮ್ಮ ಶಾಲೆಯಲ್ಲಿ ಮೆರವಣಿಗೆ ಉಳಿದಿದೆ, ದೀಪಾವಳಿಗೆ ರಜೆಯೂ ಇದೆ. ತರಗತಿಗೆ ಚಕ್ಕುಲಿ ಕಳಿಸೋಣವೆಂದರೆ ಮಾತ್ರ ಆಗದು. ಕಡಲೆಕಾಯಿ ಮುಟ್ಟಿದರೆ ಉಸಿರು ಕಟ್ಟುವ ಮಕ್ಕಳಿರುವುದರಿಂದ ಮನೆಯಲ್ಲಿ ಮಾಡಿದ ಯಾವ ತಿಂಡಿಗೂ ಪ್ರವೇಶವಿಲ್ಲ. ದೀಪದ ಚಿತ್ರವಿರುವ ಪೆನ್ಸಿಲ್ ಹಂಚುತ್ತೇವೆ. ಹಬ್ಬಕ್ಕೆ ಪೆನ್ಸಿಲ್ ಎಂದರೆ ನನ್ನ ಅಮ್ಮನಿಗೆ ಫೋನಿನಲ್ಲಿ ವಿವರಿಸುವುದು ಕಷ್ಟ.

ರಜೆಯ ಲೆಕ್ಕದಲ್ಲಿ ಅಕ್ಕನಿಗೆ ನನ್ನ ಮೇಲೆ ನಿಜವಾದ ಹೊಟ್ಟೆಯುರಿಯಿದೆ. ನವೆಂಬರ್ ಮೊದಲಲ್ಲಿ ನ್ಯೂ ಜೆರ್ಸಿಯ ಶಿಕ್ಷಕರ ಸಂಘ ಅಟ್ಲಾಂಟಿಕ್ ಸಿಟಿಯಲ್ಲಿ ಸಮಾವೇಶ ನಡೆಸುತ್ತದೆ, ಅದಕ್ಕಾಗಿ ಗುರುವಾರ ಮತ್ತು ಶುಕ್ರವಾರ ರಾಜ್ಯದ ಶಾಲೆಗಳಿಗೆ ರಜೆ. ಪೋಷಕರು ಗೊಣಗುತ್ತಾರೆ, ಆದರೆ ಆ ದಿನಾಂಕ ಹಿಂದಿನ ವರ್ಷವೇ ಕ್ಯಾಲೆಂಡರಿನಲ್ಲಿ ಇರುತ್ತದೆ. 2025ರ ದಸರಾ ರಜೆಯಲ್ಲಿ ಅವಳು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಮನೆಮನೆ ಸುತ್ತುತ್ತಿದ್ದಳು. ಕೆಲಸ ಮುಗಿಯದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಮಕ್ಕಳಿಗೆ ರಜೆ, ಟೀಚರಿಗೆ ಮೊಬೈಲು ಹಿಡಿದು ಸಿಗ್ನಲ್ ಹುಡುಕುವ ಕೆಲಸ. ಗಣತಿ, ಮತದಾರರ ಪಟ್ಟಿ, ಚುನಾವಣೆ, ಸಮೀಕ್ಷೆ ಎಲ್ಲವನ್ನೂ ಹೊತ್ತ ಶಿಕ್ಷಕಿಗೆ ಪೋಷಕರನ್ನು ಜೊತೆಗೆ ಸೇರಿಸಿಕೊಳ್ಳಲು ವ್ಯವಧಾನ ಎಲ್ಲಿಂದ ಬರಬೇಕು? ಇಲ್ಲಿ ಪಟ್ಟಿ ಮಾಡಿ, ಹೆಸರು ಬರೆಸಿಕೊಂಡು, ಹಿಂದಿನ ದಿನ ನೆನಪಿಸುವುದನ್ನು ಪೋಷಕರೇ ಮಾಡುತ್ತಾರೆ, ಶಿಕ್ಷಕರಲ್ಲ. ನಮ್ಮಲ್ಲೂ ಅದನ್ನು ಎಸ್‌ಡಿಎಂಸಿಗೇ ಒಪ್ಪಿಸಬೇಕು. ಹರಿದ ಗ್ರಂಥಾಲಯ ಪುಸ್ತಕಗಳಿಗೆ ಬೈಂಡು ಹಾಕಲು ಮೂವರು, ಒಂದು ಗಂಟೆ. ಚಿಕ್ಕ ತರಗತಿಗಳ ನಲಿ-ಕಲಿ ಮಕ್ಕಳಿಗೆ ಕಥೆ ಹೇಳಲು ಒಬ್ಬ ಅಜ್ಜಿ, ಅರ್ಧ ಗಂಟೆ. ಇದಕ್ಕೆ ಆದೇಶ ಬೇಡ, ಅನುದಾನ ಬೇಡ.

ಮೊದಲು ಸಭೆಯ ವೇಳೆ ಬದಲಾಗಬೇಕು. ನಮ್ಮ ಪಿಟಿಎ ಸಭೆ ಸಂಜೆ ಏಳಕ್ಕೆ. ಪಕ್ಕದ ಕೊಠಡಿಯಲ್ಲಿ ಹೈಸ್ಕೂಲು ಮಕ್ಕಳು ಪುಟಾಣಿಗಳನ್ನು ನೋಡಿಕೊಳ್ಳುತ್ತಾರೆ. ಅಕ್ಕನ ಶಾಲೆಯ ಸಭೆ ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ. ಕೂಲಿಗೆ ಹೋಗುವ ತಾಯಿ ಅದಕ್ಕೆ ಬಂದರೆ ಅರ್ಧ ದಿನದ ಸಂಬಳ ಕಳೆದುಕೊಳ್ಳುತ್ತಾಳೆ. ಸಂಜೆ ಇಡು ಎಂದು ನಾನು ಹೇಳಿದರೆ, ನನ್ನ ಕೊನೆಯ ಬಸ್ಸು ಐದೂವರೆಗೆ, ರಾತ್ರಿ ನೀನು ಬಂದು ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದಳು. ಭಾನುವಾರ ಸಂತೆ. ಕೊನೆಗೆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಮಕ್ಕಳನ್ನು ಕರೆದೊಯ್ಯಲು ಬಂದವರನ್ನು ಹಾಗೇ ಕೂರಿಸಿಕೊಳ್ಳಬಹುದೇನೋ ಎಂಬಲ್ಲಿಗೆ ಬಂದು ನಿಂತಿದ್ದೇವೆ. ಅಧ್ಯಕ್ಷೆಯನ್ನು ಕೇಳಿ ಹೇಳುತ್ತೇನೆ ಎಂದಿದ್ದಾಳೆ.